ಬಲಮುರಿಯೋ ಎಡಮುರಿಯೋ: ಸುರುಳಿ ಪಾಲಿಮರ್ ನ್ಯಾನೋಕಣ ಮಾಡುವ ದಾರಿಗಳ ಹೋಲಿಕೆ

ನೀರಿನಲ್ಲಿ ಎಣ್ಣೆಯ ಸಣ್ಣ ಹನಿಗಳು ತೇಲುವ, ಹಾಲಿನಂತೆ ಬೆಳ್ಳಗಿದ್ದ ಎಮಲ್ಷನ್‌ಗೆ ರೋಡಿಯಮ್ ವೇಗವರ್ಧಕದ ನಾಲ್ಕು ಹನಿ ಬಿದ್ದರೆ ಸಾಕು, ನೋಡನೋಡುತ್ತ ಫ್ಲಾಸ್ಕು ಹಳದಿಗೆ ತಿರುಗುತ್ತದೆ. ಮೊದಲ ಸಲ ಅದನ್ನು ಕಂಡವರು ಕೆಲಸ ಆಯಿತೆಂದೇ ತಿಳಿಯುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಆ ಹಳದಿ ಹೇಳುವುದು ಸ್ವಲ್ಪವೇ: ಮಾನೋಮರ್ ಎಂಬ ಸಣ್ಣ ಅಣುಗಳು ಪೋಣಿಸಿಕೊಂಡು ಪಾಲಿಮರ್ ಸರಪಳಿ ಬೆಳೆದಿದೆ, ಪ್ರಾಯಶಃ ಸುರುಳಿಯೂ ಸುತ್ತಿದೆ. ಆ ಸುರುಳಿ ಬಲಮುರಿಯೋ ಎಡಮುರಿಯೋ, ಅಥವಾ ಎರಡೂ ಸಮಸಮ ಬೆರೆತು ಒಂದರ ಗುಣವನ್ನು ಇನ್ನೊಂದು ಅಳಿಸಿಹಾಕಿದೆಯೋ ಎಂಬುದು ಬಣ್ಣದಿಂದ ತಿಳಿಯುವುದಿಲ್ಲ. ನಮಗೆ ಬೇಕಾದದ್ದೋ ಒಂದೇ ಕೈಯ, ಅಂದರೆ ಒಂದೇ ಕಡೆಗೆ ಸುತ್ತಿದ ಸುರುಳಿ. ಧ್ರುವೀಕರಿಸಿದ ಬೆಳಕನ್ನು ತಿರುಗಿಸುವುದು, ಕನ್ನಡಿ ಬಿಂಬದಂಥ ಎರಡು ಅಣುಗಳಲ್ಲಿ ಒಂದನ್ನು ಗುರುತು ಹಿಡಿಯುವುದು, ಎಲ್ಲವೂ ಆ ಕೈಯ ಆಟ.

ಈ ಕೆಲಸಕ್ಕೆ ಇಳಿದವರ ಮುಂದೆ ಮೂರು ಆಯ್ಕೆಗಳಿರುತ್ತವೆ: ಯಾವ ಪಾಲಿಮರ್, ಕಣವನ್ನು ಮಾಡುವ ದಾರಿ ಯಾವುದು, ಅದರ ಜೊತೆ ಏನನ್ನು ಬೆರೆಸುವುದು. ಬಹಳ ಮಂದಿ ಮೂರನೆಯದರಿಂದ ಶುರು ಮಾಡುತ್ತಾರೆ. ಚಿನ್ನದ ಕಣ ಬೇಕು, ಗ್ರಾಫೀನ್ ಬೇಕು ಎಂದು ಮೊದಲೇ ನಿಶ್ಚಯ ಮಾಡಿ, ಆಮೇಲೆ ಅದಕ್ಕೆ ಹೊಂದುವ ಪಾಲಿಮರ್ ಹುಡುಕುತ್ತಾರೆ. ನನ್ನ ಮಟ್ಟಿಗೆ ಇದು ತಲೆಕೆಳಗಾದ ಕ್ರಮ. ಸುರುಳಿ ಮೊದಲು, ಕಣ ಆಮೇಲೆ, ಬೆರಕೆ ಕೊನೆಗೆ. ಪ್ರತಿ ಹಂತ ದಾಟಿದ ಮೇಲೂ ಸುರುಳಿ ಉಳಿದಿದೆಯೇ ಎಂದು ಅಳೆದು ನೋಡಲು ಬರಬೇಕು. ಅಳೆಯಲಾಗದ ದಾರಿ ಎಷ್ಟೇ ಸೊಗಸಾಗಿ ಕಂಡರೂ ಬಿಟ್ಟುಬಿಡುವುದು ಲೇಸು.

ಮೊದಲು ಸರಪಳಿ

ಸುರುಳಿ ಪಾಲಿಮರ್‌ಗಳಲ್ಲಿ ಎರಡು ಜಾತಿ. ಒಂದು, ಹುಟ್ಟುವಾಗಲೇ ಸುತ್ತಿ, ಆಮೇಲೆ ಜಗ್ಗದೆ ಕೂತುಬಿಡುವ ಸ್ಥಿರ ಸುರುಳಿ. ಇನ್ನೊಂದು, ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ ಸುಲಭವಾಗಿ ಮಗುಚುವ ಚಲ ಸುರುಳಿ.

ಸ್ಥಿರ ಜಾತಿಗೆ ಹಳೆಯ ಉದಾಹರಣೆಗಳು ಎರಡು. 1974ರಲ್ಲಿ ನೆದರ್ಲೆಂಡ್ಸ್‌ನ ನೋಲ್ಟೆ, ವಾನ್ ಬೈನೆನ್ ಮತ್ತು ಡ್ರೆಂತ್ ಅವರು ಟರ್ಷಿಯರಿ ಬ್ಯುಟೈಲ್ ಐಸೊಸಯನೈಡ್‌ನ ಪಾಲಿಮರನ್ನು ಕ್ರೊಮ್ಯಾಟೊಗ್ರಫಿಯಿಂದ ಬಲಮುರಿ, ಎಡಮುರಿ ಎಂದು ಬೇರ್ಪಡಿಸಿ ತೋರಿಸಿದರು. ಸರಪಳಿಗೆ ಜೋತುಬಿದ್ದ ಪಕ್ಕದ ಗುಂಪುಗಳು ಎಷ್ಟು ದಪ್ಪವೆಂದರೆ ಸುರುಳಿಗೆ ಮಗುಚಲು ಜಾಗವೇ ಇಲ್ಲ. 1979ರಲ್ಲಿ ಜಪಾನಿನ ಒಕಮೊಟೊ ಮತ್ತು ಸಂಗಡಿಗರು ಟ್ರೈಫಿನೈಲ್‌ಮೀಥೈಲ್ ಮೆಥಾಕ್ರಿಲೇಟ್ ಎಂಬ, ತನ್ನಲ್ಲಿ ಯಾವ ಕೈಯೂ ಇಲ್ಲದ ಮಾನೋಮರನ್ನು ಸ್ಪಾರ್ಟೀನ್ ಎಂಬ ಕೈರಲ್ (ತನ್ನದೇ ಕೈ ಇರುವ) ಸಹಾಯಕದೊಂದಿಗೆ ಕಡು ತಂಪಿನಲ್ಲಿ ಪಾಲಿಮರೀಕರಿಸಿ, ಒಂದೇ ಕೈಯ ಸುರುಳಿ ಪಡೆದರು. ಅದನ್ನು ಸಿಲಿಕಾ ಮೇಲೆ ಬಳಿದು ಕೈರಲ್ ಅಣುಗಳನ್ನು ಬೇರ್ಪಡಿಸುವ ಕಾಲಮ್ ಮಾಡಿದ್ದೂ ಅವರೇ. ಪಾಲಿಮರ್ ಮತ್ತು ಸಿಲಿಕಾ ಹೈಬ್ರಿಡ್ (ಬೆರಕೆ) ಎಂದು ಇವತ್ತು ನಾವು ಕರೆಯುವುದರ ಅಜ್ಜ ಅದು. ಅದರ ದೌರ್ಬಲ್ಯವೂ ಪ್ರಸಿದ್ಧವೇ: ಮೆಥನಾಲ್ ತಾಗಿದರೆ ಆ ಎಸ್ಟರ್ ಬಂಧ ನಿಧಾನವಾಗಿ ಕಡಿಯುತ್ತದೆ, ಪಕ್ಕದ ಗುಂಪು ಕಳಚಿಕೊಂಡ ಕಡೆ ಸುರುಳಿಯೂ ಹೋಗುತ್ತದೆ.

ಚಲ ಸುರುಳಿಯ ಸ್ವಾರಸ್ಯವೇ ಬೇರೆ. ರಸಾಯನಶಾಸ್ತ್ರಜ್ಞ ಮಾರ್ಕ್ ಗ್ರೀನ್ ಅವರ ಗುಂಪು ಪಾಲಿಐಸೊಸಯನೇಟ್‌ಗಳ ಮೇಲೆ ಮಾಡಿದ ಕೆಲಸದಲ್ಲಿ, ಪ್ರತಿ ಪಕ್ಕದ ಸರಪಳಿಯಲ್ಲಿ ಒಂದೇ ಒಂದು ಹೈಡ್ರೋಜನ್ ಬದಲು ಅದರ ಭಾರದ ರೂಪವಾದ ಡ್ಯುಟೀರಿಯಮ್ ಇಟ್ಟರೂ ಇಡೀ ಸುರುಳಿ ಒಂದು ಕಡೆಗೆ ವಾಲಿತು. ಒಂದೊಂದು ಮಾನೋಮರ್‌ನ ಒಲವು ತೃಣಮಾತ್ರ. ನೂರಾರು ಸೇರಿ ಒಂದೇ ದಿಕ್ಕಿಗೆ ತಳ್ಳಿದಾಗ ಅದು ಬೆಟ್ಟವಾಗುತ್ತದೆ. ಕೈಯಿಲ್ಲದ ಮಾನೋಮರ್‌ಗಳ ನಡುವೆ ಕೆಲವೇ ಕೈರಲ್ ಮಾನೋಮರ್ ಬೆರೆಸಿದರೂ ಸಾಕು, ಉಳಿದವು ಅವುಗಳ ಹಿಂದೆ ಸಾಲುಗಟ್ಟುತ್ತವೆ. ಸಾರ್ಜೆಂಟ್ ಮತ್ತು ಸೈನಿಕರ ತತ್ವ ಎಂದು ಅದಕ್ಕೆ ಹೆಸರಾಯಿತು. ದುಬಾರಿ ಕೈರಲ್ ಮಾನೋಮರನ್ನು ಉಪ್ಪಿನಷ್ಟು ಮಾತ್ರ ಹಾಕಿ ಕೆಲಸ ಮುಗಿಸಬಹುದೆಂಬುದು ನಮಗೆ ಆಗುವ ಲಾಭ.

ಹಾಗಾದರೆ ಯಾವುದನ್ನು ಆರಿಸಬೇಕು? ಕಣವನ್ನು ಬಿಸಿ ಮಾಡಬೇಕು, ದ್ರಾವಕ ಬದಲಾಯಿಸಬೇಕು, ಮತ್ತೆ ಮತ್ತೆ ತೊಳೆದು ಬಳಸಬೇಕು ಎಂದರೆ ಸ್ಥಿರ ಜಾತಿ. ಹೊರಗಿನ ಸಂಕೇತಕ್ಕೆ ಕಣ ಸ್ಪಂದಿಸಬೇಕು, ಸುರುಳಿ ಬಿಚ್ಚಬೇಕು ಅಥವಾ ಕೈ ಬದಲಿಸಬೇಕು ಎಂದರೆ ಚಲ ಜಾತಿ. ಜಪಾನಿನ ಸುಗಿನೋಮೆ ಅವರ ಗುಂಪಿನ ಪಾಲಿಕ್ವಿನಾಕ್ಸಲೀನ್‌ಗಳು ದ್ರಾವಕ ಬದಲಿಸಿದರೆ ಬಲಮುರಿಯಿಂದ ಎಡಮುರಿಗೆ ಪೂರ್ತಿ ತಿರುಗುತ್ತವೆ. ಒಂದೇ ವೇಗವರ್ಧಕದಿಂದ ಎರಡೂ ಕೈಯ ಉತ್ಪನ್ನ ಪಡೆಯಬೇಕೆನ್ನುವವರಿಗೆ ಅದು ವರವೇ. ಆದರೆ ನೀರಿನಲ್ಲಿ ನ್ಯಾನೋಕಣ ಮಾಡಹೊರಟ ಹೊಸಬರಿಗೆ ನಾನು ಅದನ್ನು ಹೇಳುವುದಿಲ್ಲ.

ಹೊಸಬರಿಗೆ ಹೇಳುವುದು ಪಾಲಿಅಸಿಟಿಲೀನ್ ಕುಟುಂಬ. ಕಾರಣ ಒಂದೇ, ರೋಡಿಯಮ್. ಮಾಲಿಬ್ಡಿನಮ್, ಟಂಗ್‌ಸ್ಟನ್ ವೇಗವರ್ಧಕಗಳು ನೀರು ಕಂಡರೆ, ಧ್ರುವೀಯ ಗುಂಪು ಕಂಡರೆ ಮುನಿಸಿಕೊಳ್ಳುತ್ತವೆ. ನಾರ್ಬಾರ್ನಡೈಯೀನ್ ಹಿಡಿದ ರೋಡಿಯಮ್ ಸಂಕೀರ್ಣಗಳು ನೀರನ್ನು ಸಹಿಸುತ್ತವೆ, ಅಮೈಡ್ ಸಹಿಸುತ್ತವೆ, ಸುಮಾರು 30 ಡಿಗ್ರಿಯಲ್ಲೇ ಚುರುಕಾಗಿ ಕೆಲಸ ಮಾಡುತ್ತವೆ, ಜೊತೆಗೆ ಸುರುಳಿಗೆ ಬೇಕಾದ ಸಿಸ್ ರಚನೆಯನ್ನೇ (ಜೋಡಿಬಂಧದ ಒಂದೇ ಬದಿಯಲ್ಲಿ ಸರಪಳಿ ಮುಂದುವರಿಯುವಂಥದು) ಕೊಡುತ್ತವೆ. ಎಮಲ್ಷನ್‌ಗೆ ಹೇಳಿ ಮಾಡಿಸಿದಂತಿರುವ ಗುಣಗಳಿವು.

ಈ ಕುಟುಂಬದೊಳಗೆ ಮತ್ತೆ ಎರಡು ಕವಲು. ಪ್ರೊಪಾರ್ಜಿಲ್ ಅಮೈಡ್‌ಗಳು ಒಂದು. ಇಲ್ಲಿ ಒಂದು ಬಿಟ್ಟು ಒಂದು ಪಕ್ಕದ ಗುಂಪಿನ ಅಮೈಡ್‌ಗಳು ಹೈಡ್ರೋಜನ್ ಬಂಧದಿಂದ ಕೈಕೈ ಹಿಡಿದು ಸುರುಳಿಯನ್ನು ಹೊರಗಿನಿಂದ ಬಿಗಿಯುತ್ತವೆ. ಇವುಗಳ ದೊಡ್ಡ ಅನುಕೂಲವೆಂದರೆ ಸುರುಳಿ ಸುತ್ತಿದಾಗ ಬೆಳಕಿನ ಹೀರುವಿಕೆ 390ರಿಂದ 400 ನ್ಯಾನೋಮೀಟರ್ ಆಸುಪಾಸಿನಲ್ಲಿರುತ್ತದೆ, ಬಿಚ್ಚಿದಾಗ 320ರ ಹತ್ತಿರಕ್ಕೆ ಸರಿಯುತ್ತದೆ. ಅಂದರೆ ಸಾಮಾನ್ಯ ಯುವಿ ಯಂತ್ರದಲ್ಲೇ ಸುರುಳಿಯ ಆರೋಗ್ಯ ಗೊತ್ತಾಗುತ್ತದೆ. ಮೆಥನಾಲ್‌ನಂಥ ದ್ರಾವಕ ಹೈಡ್ರೋಜನ್ ಬಂಧಕ್ಕೆ ಕೈಹಾಕಿ ಸುರುಳಿಯನ್ನು ಬಿಡಿಸಬಲ್ಲದು. ತೊಳೆಯಲು ಏನು ಬಳಸುತ್ತೀರಿ ಎಂಬುದನ್ನು ಇದು ನಿರ್ಧರಿಸಬೇಕು. ಇನ್ನೊಂದು ಕವಲು ಫಿನೈಲ್ ಅಸಿಟಿಲೀನ್‌ಗಳು. ಬಣ್ಣ ಗಾಢ, ಲೋಹದ ಅಯಾನು ಮತ್ತು ಅಮೀನ್‌ಗಳಿಗೆ ಸ್ಪಂದನೆ ಹೆಚ್ಚು, ಆದರೆ ಬೆಳಕು, ಬಿಸಿ, ಗಾಳಿಗೆ ಬೇಗ ಕೆಡುತ್ತವೆ. ಸಿಸ್ ರಚನೆ ಎದುರು ಬದಿಯ ಟ್ರಾನ್ಸ್‌ಗೆ ಜಾರುತ್ತದೆ, ಸರಪಳಿ ತುಂಡಾಗಿ ಬೆನ್ಜೀನ್ ಉಂಗುರಗಳಾಗಿ ಮುಚ್ಚಿಕೊಳ್ಳುವುದೂ ಉಂಟು.

ಪಾಲಿಐಸೊಸಯನೈಡ್‌ಗಳ ಬಗ್ಗೆ ಒಂದು ಮಾತು. ನಿಕಲ್ ಅಥವಾ ಪಲೇಡಿಯಮ್ ಸಂಕೀರ್ಣಗಳಿಂದ ಬೆಳೆಯುವ ಇವು ಗಟ್ಟಿಮುಟ್ಟು. ಒಂದು ಸುತ್ತಿಗೆ ಸರಿಸುಮಾರು ನಾಲ್ಕು ಘಟಕ. ಪಲೇಡಿಯಮ್ ದಾರಿಯಲ್ಲಿ ಸರಪಳಿಯ ಉದ್ದವನ್ನು ಚೆನ್ನಾಗಿ ಹಿಡಿತದಲ್ಲಿಡಬಹುದು, ಅದರ ತುದಿಗೆ ಇನ್ನೊಂದು ಪಾಲಿಮರ್ ಜೋಡಿಸಬಹುದು. ಕಣದ ಗಾತ್ರಕ್ಕಿಂತ ಸರಪಳಿಯ ಉದ್ದ ನಿಮಗೆ ಮುಖ್ಯವಾಗಿದ್ದರೆ ಇತ್ತ ನೋಡಿ. ಮಾನೋಮರ್ ತಯಾರಿಸುವವರ ಮೂಗಿನ ಪಾಡು ಮಾತ್ರ ಕೇಳಬೇಡಿ. ಐಸೊಸಯನೈಡ್‌ನ ವಾಸನೆ ಒಮ್ಮೆ ಅಂಗಿಗೆ ಹತ್ತಿದರೆ ಅಂದು ಪಕ್ಕದಲ್ಲಿ ಯಾರೂ ಕೂರುವುದಿಲ್ಲ.

ಕಣ ಮಾಡುವ ದಾರಿಗಳು

ಇಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ತೀರ ಸರಳ: ನಿಮ್ಮ ಮಾನೋಮರ್ ದ್ರವವೋ ಘನವೋ? ಮುಕ್ಕಾಲು ಪಾಲು ಸೋಲುಗಳ ಬೇರು ಇಲ್ಲೇ ಇರುತ್ತದೆ ಎಂಬುದು ನನ್ನ ಅನುಭವ. ಅಮೈನೊ ಆಮ್ಲ, ಕ್ಯಾಂಫರ್ ಮುಂತಾದವುಗಳಿಂದ ಮಾಡಿದ ಕೈರಲ್ ಅಸಿಟಿಲೀನ್‌ಗಳು ಬಹುಪಾಲು ಹರಳುಗಟ್ಟುವ ಘನಗಳು. ಘನವನ್ನು ನೀರಿಗೆ ಹಾಕಿ ಕಲಕಿದರೆ ಎಮಲ್ಷನ್ ಆಗುವುದಿಲ್ಲ, ಕೆಸರಾಗುತ್ತದೆ.

ಸಾದಾ ಎಮಲ್ಷನ್ ಪಾಲಿಮರೀಕರಣದಲ್ಲಿ ಮಾನೋಮರ್ ದೊಡ್ಡ ಹನಿಗಳಿಂದ ಹೊರಟು, ನೀರನ್ನು ಹಾದು, ಬೆಳೆಯುತ್ತಿರುವ ಸಣ್ಣ ಕಣಗಳನ್ನು ಸೇರಬೇಕು. ಅದಕ್ಕೆ ನೀರಿನಲ್ಲಿ ಕಿಂಚಿತ್ತಾದರೂ ಕರಗಬೇಕು. ವೇಗವರ್ಧಕವೂ ಹಾಗೇ ಪ್ರಯಾಣ ಮಾಡಬೇಕು. ನಾವು ಬಳಸುವ ರೋಡಿಯಮ್ ಸಂಕೀರ್ಣ ಎಣ್ಣೆಯ ಕಡೆಯದು, ಪಕ್ಕದ ಗುಂಪುಗಳು ದಪ್ಪ, ನೀರಿಗೆ ಒಲ್ಲದವು. ಆದ್ದರಿಂದ ಸಾದಾ ಎಮಲ್ಷನ್ ಸಣ್ಣ ಪಕ್ಕದ ಗುಂಪಿನ, ದ್ರವ ರೂಪದ ಅಥವಾ ಅತಿ ಕಡಿಮೆ ದ್ರಾವಕದಲ್ಲಿ ಕರಗುವ ಮಾನೋಮರ್‌ಗಳಿಗೆ ಮಾತ್ರ ಒಗ್ಗುತ್ತದೆ. ಒಗ್ಗಿದರೆ ಇದಕ್ಕಿಂತ ಸುಲಭದ ದಾರಿ ಇಲ್ಲ: ಕಲಕು, ಹನಿ ಹಾಕು, ಕಾಯಿ.

ಮಿನಿಎಮಲ್ಷನ್ ಆ ಪ್ರಯಾಣವನ್ನೇ ತಪ್ಪಿಸುತ್ತದೆ. ಮಾನೋಮರನ್ನು ಸ್ವಲ್ಪ ಕ್ಲೋರೋಫಾರ್ಮ್ ಅಥವಾ ಟಾಲ್ವೀನ್‌ನಲ್ಲಿ ಕರಗಿಸಿ, ಹೆಕ್ಸಾಡೆಕೇನ್‌ನಂಥ ಶುದ್ಧ ಎಣ್ಣೆಯನ್ನು ಒಂದಿಷ್ಟು ಸೇರಿಸಿ, ಅಲ್ಟ್ರಾಸೋನಿಕ್ ಕಡ್ಡಿಯಿಂದ ಒಡೆದು ಐವತ್ತರಿಂದ ಐನೂರು ನ್ಯಾನೋಮೀಟರಿನ ಹನಿಗಳನ್ನಾಗಿಸುತ್ತೀರಿ. ಪ್ರತಿ ಹನಿಯೂ ತನ್ನಷ್ಟಕ್ಕೆ ಒಂದು ಪುಟ್ಟ ಪಾತ್ರೆ. ಹನಿ ಇದ್ದ ಕಡೆಯೇ ಕಣವಾಗುತ್ತದೆ. ಹೆಕ್ಸಾಡೆಕೇನ್ ನೀರಿನಲ್ಲಿ ಕರಗದ ಕಾರಣ ಸಣ್ಣ ಹನಿ ಕರಗಿ ದೊಡ್ಡದನ್ನು ಕೊಬ್ಬಿಸುವ ಚಾಳಿಗೆ ಕಡಿವಾಣ ಬೀಳುತ್ತದೆ. ಘನ ಮಾನೋಮರ್‌ಗೂ, ಒಳಗೆ ಮ್ಯಾಗ್ನಟೈಟ್ (ಆಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡ್) ಕೂರಿಸುವ ಹೈಬ್ರಿಡ್‌ಗೂ ನನ್ನ ಮೊದಲ ಆಯ್ಕೆ ಇದೇ. ಗಮನಿಸಬೇಕಾದದ್ದು ಬಿಸಿ. ಅಲ್ಟ್ರಾಸೋನಿಕ್ ಕಡ್ಡಿ ಎರಡು ನಿಮಿಷದಲ್ಲಿ ದ್ರವವನ್ನು ಕಾಯಿಸಿಬಿಡುತ್ತದೆ; ಮಂಜುಗಡ್ಡೆಯ ನೀರಿನಲ್ಲಿ ಫ್ಲಾಸ್ಕ್ ಇಟ್ಟು, ಐದು ಸೆಕೆಂಡ್ ನಡೆಸಿ ಐದು ಸೆಕೆಂಡ್ ಬಿಡುವಂತೆ ಹೊಂದಿಸಿ. ವೇಗವರ್ಧಕ ಹಾಕುವುದು ಸೋನಿಕೇಷನ್ ಆದ ಮೇಲೆ, ಮುಂಚೆ ಅಲ್ಲ.

ಮೈಕ್ರೋಎಮಲ್ಷನ್ ತಾನಾಗಿಯೇ ಪಾರದರ್ಶಕವಾಗಿ ನಿಲ್ಲುತ್ತದೆ, ನೂರು ನ್ಯಾನೋಮೀಟರಿಗಿಂತ ಚಿಕ್ಕ ಕಣ ಕೊಡುತ್ತದೆ. ಕಣ ಚಿಕ್ಕದಾದಷ್ಟೂ ಬೆಳಕಿನ ಚದುರಿಕೆ ಕಡಿಮೆ, ಆದ್ದರಿಂದ ಸಿಡಿ (ಸರ್ಕ್ಯುಲರ್ ಡೈಕ್ರೋಯಿಸಮ್, ಸುರುಳಿಯ ಕೈಯನ್ನು ಬೆಳಕಿನಿಂದ ಅಳೆಯುವ ವಿಧಾನ) ಸ್ಪೆಕ್ಟ್ರಮ್ ಸ್ವಚ್ಛ. ಅದಕ್ಕೆ ತೆರುವ ಬೆಲೆ ಸರ್ಫ್ಯಾಕ್ಟೆಂಟ್, ಅಂದರೆ ಹನಿಗಳನ್ನು ಬಿಡಿಬಿಡಿಯಾಗಿಡುವ ಸೋಪು. ಪಾಲಿಮರಿಗಿಂತ ಸೋಪೇ ಹೆಚ್ಚಿರುವ ಪಾತ್ರೆಗಳನ್ನು ನಾನು ಕಂಡಿದ್ದೇನೆ. ಅದನ್ನು ತೊಳೆಯಲು ದಿನಗಟ್ಟಲೆ ಡಯಾಲಿಸಿಸ್ ಮಾಡಬೇಕು, ತೊಳೆದ ಮೇಲೆ ಕಣಗಳು ಅಂಟಿಕೊಳ್ಳದೆ ಇರುತ್ತವೆಯೇ ಎಂಬುದು ಆಮೇಲಿನ ಮಾತು. ಸೋಡಿಯಂ ಡೊಡೆಸೈಲ್ ಸಲ್ಫೇಟ್ ಆದರೆ ಅಳತೆಗೆ ಅಡ್ಡ ಬರುವುದಿಲ್ಲ. ಟ್ರೈಟನ್ ಎಕ್ಸ್-100 ಎಂಬ ಇನ್ನೊಂದು ಸೋಪಿನಲ್ಲಿ ಬೆನ್ಜೀನ್ ಉಂಗುರವಿದೆ, 275 ನ್ಯಾನೋಮೀಟರ್ ಹತ್ತಿರ ಹೀರುತ್ತದೆ. 390ರಲ್ಲಿ ನೋಡುವ ಪ್ರೊಪಾರ್ಜಿಲ್ ಅಮೈಡ್‌ಗೆ ತೊಂದರೆ ಇಲ್ಲ, ಅದಕ್ಕಿಂತ ಕೆಳಗೆ ಹೋಗಬೇಕಾದವರು ಬೇರೆಯದನ್ನು ನೋಡಿಕೊಳ್ಳಬೇಕು.

ಪ್ರೆಸಿಪಿಟೇಷನ್ ದಾರಿಯಲ್ಲಿ ಸೋಪೇ ಬೇಡ. ಮಾನೋಮರ್ ಕರಗುವ, ಪಾಲಿಮರ್ ಕರಗದ ದ್ರಾವಕ ಮಿಶ್ರಣ ಸಿಕ್ಕರೆ ಬೆಳೆದ ಸರಪಳಿಗಳು ತಾವಾಗಿ ಗುಂಡಾಗಿ ಕೆಳಗೆ ಕೂರುತ್ತವೆ. ಮೈ ಸ್ವಚ್ಛ, ತೊಳೆಯುವ ರಗಳೆ ಇಲ್ಲ. ಆದರೆ ಕಣಗಳು ಸಾಮಾನ್ಯವಾಗಿ ನ್ಯಾನೋ ಮೀರಿ ಮೈಕ್ರಾನ್ ಹತ್ತಿರ ಹೋಗುತ್ತವೆ, ಆ ದ್ರಾವಕ ಮಿಶ್ರಣ ಹುಡುಕುವುದೇ ಒಂದು ತಿಂಗಳ ಕೆಲಸ. ಸಸ್ಪೆನ್ಷನ್ ಇನ್ನೂ ದೊಡ್ಡ ಗೋಲಿ ಕೊಡುತ್ತದೆ. ಜರಡಿ ಹಿಡಿದು ಎತ್ತಬಹುದು, ಕಾಲಮ್ ತುಂಬಬಹುದು. ನ್ಯಾನೋ ಎಂಬ ಪದದ ಮೋಹ ಬಿಟ್ಟರೆ ಎಷ್ಟೋ ಕೆಲಸಗಳಿಗೆ ಇವೇ ಚೆನ್ನ.

ಮೋಹ ಬಿಡಿ ಎಂದದ್ದಕ್ಕೆ ಒಂದು ಲೆಕ್ಕ. ಗೋಳಾಕಾರದ ಕಣದ ಒಂದು ಗ್ರಾಮಿನ ಮೇಲ್ಮೈ ಬೇಕೆಂದರೆ ಆರನ್ನು ಸಾಂದ್ರತೆ ಮತ್ತು ವ್ಯಾಸದ ಗುಣಲಬ್ಧದಿಂದ ಭಾಗಿಸಿದರೆ ಆಯಿತು. ಸಾಂದ್ರತೆ 1.1 ಎಂದಿಟ್ಟುಕೊಂಡರೆ 100 ನ್ಯಾನೋಮೀಟರ್ ಕಣಕ್ಕೆ ಗ್ರಾಮಿಗೆ ಸುಮಾರು 55 ಚದರ ಮೀಟರ್, 1 ಮೈಕ್ರಾನಿಗೆ 5.5, 10 ಮೈಕ್ರಾನಿಗೆ ಅರ್ಧ ಚದರ ಮೀಟರಿಗಿಂತ ಕೊಂಚ ಹೆಚ್ಚು. ಮೇಲ್ಮೈಯಲ್ಲಿ ನಡೆಯುವ ಕೆಲಸಕ್ಕೆ, ಅಂದರೆ ಹರಳು ಮೂಡಿಸಲು ಅಥವಾ ವೇಗವರ್ಧನೆಗೆ, ಈ ನೂರು ಪಟ್ಟು ವ್ಯತ್ಯಾಸ ದೊಡ್ಡದು. ಮೇಲ್ಮೈಯ ಹಂಗಿಲ್ಲದ ಕೆಲಸಕ್ಕೆ ಅದು ಬರೀ ಸೆಂಟ್ರಿಫ್ಯೂಜ್ ಮುಂದೆ ಕಾಯುವ ಶಿಕ್ಷೆ.

ಈವರೆಗೆ ಹೇಳಿದ್ದೆಲ್ಲ ಪಾಲಿಮರೀಕರಣದ ಜೊತೆಜೊತೆಗೇ ಕಣ ಮಾಡುವ ದಾರಿ. ಮೊದಲು ಪಾಲಿಮರ್ ಮಾಡಿ, ಶುದ್ಧಮಾಡಿ, ಅಳೆದು, ಆಮೇಲೆ ಕಣ ಮಾಡುವ ದಾರಿಯೂ ಇದೆ: ನ್ಯಾನೋಪ್ರೆಸಿಪಿಟೇಷನ್. ಟಿಎಚ್‌ಎಫ್ ಎಂಬ ದ್ರಾವಕದಲ್ಲಿ ಕರಗಿದ ಪಾಲಿಮರನ್ನು ಜೋರಾಗಿ ಕಲಕುತ್ತಿರುವ ನೀರಿಗೆ ಸುರಿದರೆ ಕ್ಷಣದಲ್ಲಿ ಕಣ. ಸುರುಳಿಯನ್ನು ದ್ರಾವಣದಲ್ಲೇ ಅಳೆದಿರುತ್ತೀರಿ, ಕಣವಾದ ಮೇಲೆ ಮತ್ತೆ ಅಳೆದರೆ ಏನು ಕಳೆಯಿತು ಎಂಬುದು ನೇರ ಗೊತ್ತಾಗುತ್ತದೆ. ಕಡಿಮೆ ಸಾಂದ್ರತೆಯಲ್ಲೇ ಮಾಡಬೇಕಾದ್ದರಿಂದ ಗ್ರಾಮುಗಟ್ಟಲೆ ಬೇಕಾದವರಿಗೆ ಇದಲ್ಲ. ಮಿಲಿಗ್ರಾಮ್ ಸಾಕು, ಅರ್ಥವಾಗಬೇಕು ಎನ್ನುವವರಿಗೆ ಇದೇ.

ಇದೇ ಮನೆಯ ಇನ್ನೊಂದು ಬಾಗಿಲು ಲೋಹದ ಅಯಾನಿನದು. ಸ್ಪೇನಿನ ಸಾಂಟಿಯಾಗೊ ದೆ ಕಾಂಪೊಸ್ಟೆಲಾ ವಿಶ್ವವಿದ್ಯಾಲಯದ ರಿಗೇರಾ, ಕಿನ್ಯೋವಾ ಮತ್ತು ಫ್ರೇರೆ ಅವರ ಗುಂಪು ಮೆಥಾಕ್ಸಿಫಿನೈಲ್ ಅಸಿಟಿಕ್ ಆಮ್ಲದ ಅಮೈಡ್ ಹೊತ್ತ ಪಾಲಿಫಿನೈಲ್ ಅಸಿಟಿಲೀನ್‌ಗೆ ಬೇರಿಯಮ್‌ನಂಥ ದ್ವಿವೇಲೆನ್ಸಿ ಅಯಾನು ಕೊಟ್ಟಾಗ ಒಂದು ಕೈ, ಲಿಥಿಯಮ್‌ನಂಥ ಏಕವೇಲೆನ್ಸಿ ಅಯಾನು ಕೊಟ್ಟಾಗ ಇನ್ನೊಂದು ಕೈ ಬರುವುದನ್ನು 2011ರಲ್ಲಿ ತೋರಿಸಿತು. ದ್ವಿವೇಲೆನ್ಸಿ ಅಯಾನು ಕಾರ್ಬೊನಿಲ್ ಮತ್ತು ಮೆಥಾಕ್ಸಿ ಎರಡನ್ನೂ ಇಕ್ಕುಳದಂತೆ ಹಿಡಿಯುತ್ತದೆ, ಲಿಥಿಯಮ್ ಕಾರ್ಬೊನಿಲ್ ಒಂದನ್ನೇ ಹಿಡಿಯುತ್ತದೆ. ಪಕ್ಕದ ಗುಂಪು ತಿರುಗುವ ರೀತಿ ಬೇರೆಯಾಗಿ ಸುರುಳಿಯೂ ಬೇರೆಯಾಗುತ್ತದೆ. ಮರುವರ್ಷವೇ ಅಯಾನಿನ ಪ್ರಮಾಣದಿಂದ ಗೋಳದ ಗಾತ್ರವನ್ನೂ ಹಿಡಿತಕ್ಕೆ ತಂದರು. ಒಂದೇ ಪಾಲಿಮರ್ ಬಾಟಲಿಯಿಂದ ಎರಡು ಕೈ, ಹಲವು ಗಾತ್ರ. ಸೊಗಸಾದ ರಸಾಯನಶಾಸ್ತ್ರ. ಅಯಾನನ್ನು ಕಿತ್ತುಕೊಳ್ಳುವ ಮಾಧ್ಯಮದಲ್ಲಿ ಬಳಸುವವರು ಮಾತ್ರ ಹುಷಾರಾಗಿರಬೇಕು.

ಕೈ ಎಲ್ಲಿಂದ ಬರಬೇಕು

ಸುಲಭದ ಉತ್ತರ ಕೈರಲ್ ಮಾನೋಮರ್. ಖಚಿತ, ಮರುಕಳಿಸಿದರೂ ಅದೇ ಫಲ, ಎರಡೂ ಕೈಯ ಮಾದರಿ ಮಾಡಲು ಬರುತ್ತದೆ. ಸಾರ್ಜೆಂಟ್ ತತ್ವ ಬಳಸಿ ವೆಚ್ಚ ಇಳಿಸಬಹುದು. ಆದರೆ ಕಣದ ಮೈತುಂಬ ಕೈರಲ್ ಕೇಂದ್ರಗಳಿರುವುದರಿಂದ, ಕೊನೆಗೆ ಸಿಕ್ಕ ಫಲ ಸುರುಳಿಯದೋ ಪಕ್ಕದ ಗುಂಪಿನದೋ ಎಂದು ಯಾರಾದರೂ ಕೇಳಿದರೆ ತಡವರಿಸಬೇಕಾಗುತ್ತದೆ.

ಆ ಪ್ರಶ್ನೆಗೆ ಬಾಯಿ ಮುಚ್ಚಿಸುವ ಉತ್ತರ ಬೇಕಿದ್ದರೆ ಕೈಯಿಲ್ಲದ ಮಾನೋಮರನ್ನು ಕೈರಲ್ ಪರಿಸರದಲ್ಲಿ ಬೆಳೆಸಬೇಕು. ಬೀಜಿಂಗ್ ರಾಸಾಯನಿಕ ತಂತ್ರಜ್ಞಾನ ವಿಶ್ವವಿದ್ಯಾಲಯದ ಜಿಯಾನ್‌ಪಿಂಗ್ ಡೆಂಗ್ ಅವರ ಗುಂಪು 2011ರಲ್ಲಿ ಕೈರಲ್ ಮೈಸೆಲ್‌ಗಳೊಳಗೆ (ಸೋಪಿನ ಅಣುಗಳು ಗುಂಪುಗೂಡಿದ ಪುಟ್ಟ ಗೋಳಗಳೊಳಗೆ) ಕೈಯಿಲ್ಲದ ಅಸಿಟಿಲೀನ್‌ಗಳನ್ನು ಒಂದೇ ಕಡೆಗೆ ಸುತ್ತಿಸಿ ತೋರಿಸಿತು. ಸುರುಳಿ ಪಾಲಿಅಸಿಟಿಲೀನ್ ಕಣಗಳ ಬಗ್ಗೆ ಅತಿ ಹೆಚ್ಚು ಕೆಲಸ ಮಾಡಿದ ಗುಂಪುಗಳಲ್ಲಿ ಅದೂ ಒಂದು. ಇನ್ನೊಂದು ದಾರಿ ಜಪಾನಿನ ಯಶಿಮಾ ಅವರದು: ಕಾರ್ಬಾಕ್ಸಿಫಿನೈಲ್ ಅಸಿಟಿಲೀನ್‌ನ ಪಾಲಿಮರ್‌ಗೆ ಕೈರಲ್ ಅಮೀನ್ ಕೊಟ್ಟು ಸುತ್ತಿಸಿ, ಆಮೇಲೆ ಆ ಅಮೀನನ್ನು ಕೈಯಿಲ್ಲದ ಅಮೀನಿನಿಂದ ಬದಲಾಯಿಸಿದರೂ ಸುರುಳಿ ತನ್ನ ಕೈಯನ್ನು ನೆನಪಿಟ್ಟುಕೊಂಡಿತು. 1999ರಲ್ಲಿ ಬಂದ ಈ ಸುರುಳಿ ನೆನಪಿನ ವರದಿ ಇವತ್ತಿಗೂ ಓದಲು ಚಂದ. ನ್ಯಾನೋಕಣಕ್ಕೆ ಇದನ್ನು ತರುವಾಗ ತೊಳೆತದಲ್ಲಿ ಕೈರಲ್ ವಸ್ತು ಸಂಪೂರ್ಣ ಹೋಗಿದೆ ಎಂದು ತೋರಿಸುವ ಹೊಣೆ ನಿಮ್ಮದು. ಕಣದ ಹೊಟ್ಟೆಯಲ್ಲಿ ಸಿಕ್ಕಿಕೊಂಡ ಒಂದಿಷ್ಟು ಅಮೀನ್ ಇಡೀ ವಾದವನ್ನು ಕೆಡಿಸುತ್ತದೆ.

ಹೈಬ್ರಿಡ್: ಏನನ್ನು ಬೆರೆಸುವುದು

ಮ್ಯಾಗ್ನಟೈಟ್ ಬೆರೆಸುವುದು ಆಯಸ್ಕಾಂತದಿಂದ ಎತ್ತಿಕೊಳ್ಳಲಿಕ್ಕೆ. ಎರಡು ಮತ್ತು ಮೂರು ವೇಲೆನ್ಸಿಯ ಕಬ್ಬಿಣದ ಲವಣಗಳನ್ನು ಒಂದಕ್ಕೆ ಎರಡರಂತೆ ಬೆರೆಸಿ, ನೈಟ್ರೋಜನ್ ಹರಿಸುತ್ತ ಅಮೋನಿಯ ಹಾಕಿದರೆ ಹತ್ತು ನ್ಯಾನೋಮೀಟರ್ ಆಸುಪಾಸಿನ ಕಪ್ಪು ಕಣ ಬೀಳುತ್ತದೆ. ಒಲಿಯಿಕ್ ಆಮ್ಲ ಹಚ್ಚಿದರೆ ಅದು ಎಣ್ಣೆಗೆ ಹೊಂದಿಕೊಂಡು ಮಿನಿಎಮಲ್ಷನ್ ಹನಿಯೊಳಗೆ ಸಲೀಸಾಗಿ ಕೂರುತ್ತದೆ. ಸೆಂಟ್ರಿಫ್ಯೂಜ್ ಬೇಡ, ಬಾಟಲಿಯ ಪಕ್ಕಕ್ಕೆ ಆಯಸ್ಕಾಂತ ಹಿಡಿದು ತೊಳೆದುಬಿಡಬಹುದು. ತೊಂದರೆ ಒಂದೇ, ಆದರೆ ದೊಡ್ಡದು: ಮ್ಯಾಗ್ನಟೈಟ್ ಕಪ್ಪು. ನಮ್ಮ ಸುರುಳಿಯ ಗುರುತು ಇರುವ 400 ನ್ಯಾನೋಮೀಟರಿನಲ್ಲೂ ಅದು ಬೆಳಕನ್ನು ಗಬಗಬ ನುಂಗುತ್ತದೆ. ಹೆಚ್ಚು ಹಾಕಿದರೆ ಆಯಸ್ಕಾಂತಕ್ಕೆ ಚೆನ್ನಾಗಿ ಬರುತ್ತದೆ, ಸಿಡಿ ಕಾಣುವುದಿಲ್ಲ; ಕಡಿಮೆ ಹಾಕಿದರೆ ಸಿಡಿ ಕಾಣುತ್ತದೆ, ಆಯಸ್ಕಾಂತಕ್ಕೆ ಬರುವುದಿಲ್ಲ.

ಸಿಲಿಕಾಗೆ ಆ ದೋಷವಿಲ್ಲ. 1968ರ ಸ್ಟೋಬರ್ ವಿಧಾನದಲ್ಲಿ ಎಥನಾಲ್, ನೀರು, ಅಮೋನಿಯದಲ್ಲಿ ಟೆಟ್ರಾಈಥಾಕ್ಸಿಸಿಲೇನ್ ಕರಗಿಸಿ ಬೇಕಾದ ಗಾತ್ರದ ಗೋಳ ಮಾಡಿಕೊಳ್ಳಬಹುದು. ಕಣ್ಣಿಗೆ ಕಾಣುವ ಬೆಳಕಿನಲ್ಲೂ ಹತ್ತಿರದ ಯುವಿಯಲ್ಲೂ ಅದು ಹೀರುವುದಿಲ್ಲ. ಗಟ್ಟಿ, ಅಗ್ಗ, ಬಿಸಿಗೆ ಹೆದರದು. ಇಲ್ಲಿ ಬಹಳ ಮಂದಿ ಎಡವುವ ಒಂದು ಕಲ್ಲಿದೆ. ಸಿಲಿಕಾ ಮೇಲೆ ಪಾಲಿಮರ್ ಕಟ್ಟಲು ಮಾಮೂಲಾಗಿ ಮೆಥಾಕ್ರಿಲ್ ಅಥವಾ ವಿನೈಲ್ ಗುಂಪಿನ (ಇಂಗಾಲದ ಜೋಡಿಬಂಧವಿರುವ) ಸಿಲೇನ್ ಎಂಬ ಜೋಡಕ ಹಚ್ಚುತ್ತಾರೆ. ಅದು ಸ್ಟೈರೀನ್‌ಗೆ ಸರಿ. ರೋಡಿಯಮ್ ಅಲ್ಕೈನ್‌ಗಳನ್ನು, ಅಂದರೆ ಅಸಿಟಿಲೀನ್‌ನಂಥ ಮೂರು ಬಂಧದವನ್ನು ಮಾತ್ರ ಪೋಣಿಸುತ್ತದೆ, ವಿನೈಲ್ ಕಡೆ ತಿರುಗಿಯೂ ನೋಡುವುದಿಲ್ಲ. ಮೈಗೆ ಅಮೀನ್ ಸಿಲೇನ್ ಹಚ್ಚಿ, ಅದಕ್ಕೆ ಅಲ್ಕೈನ್ ಇರುವ ಆಮ್ಲ ಜೋಡಿಸಿಕೊಳ್ಳಬೇಕು. ಈ ಹಂತ ತಪ್ಪಿಸಿದರೆ ಪಾಲಿಮರ್ ಒಂದು ಕಡೆ, ಸಿಲಿಕಾ ಇನ್ನೊಂದು ಕಡೆ. ತೊಳೆದಾಗ ಹಳದಿಯೆಲ್ಲ ಚರಂಡಿಗೆ. ಇದೇ ಹಟವನ್ನು ಲಾಭಕ್ಕೂ ತಿರುಗಿಸಬಹುದು: ಒಂದೇ ಹನಿಯಲ್ಲಿ ಅಲ್ಕೈನನ್ನು ರೋಡಿಯಮ್‌ನಿಂದ, ವಿನೈಲನ್ನು ಫ್ರೀ ರ್ಯಾಡಿಕಲ್‌ನಿಂದ ಬೆಳೆಸಿ ಒಳಗೆ ಸುರುಳಿ, ಹೊರಗೆ ಗಟ್ಟಿ ಚಿಪ್ಪು ಮಾಡಬಹುದು.

ಚಿನ್ನದ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಹತ್ತಿಪ್ಪತ್ತು ನ್ಯಾನೋಮೀಟರಿನ ಚಿನ್ನ 520ರ ಹತ್ತಿರ ಹೀರುತ್ತದೆ, ಸುರುಳಿಯ ಪಟ್ಟಿಗೆ ನೇರ ಅಡ್ಡ ಬರುವುದಿಲ್ಲ ಎಂಬುದು ನಿಜ. ಆದರೆ ಚಿನ್ನ ಹಿಡಿಯಲು ಬಳಸುವ ಥಯೋಲ್ (ಗಂಧಕದ ಗುಂಪು) ರೋಡಿಯಮ್‌ಗೂ ಅಂಟಿಕೊಂಡು ಅದನ್ನು ಸಾಯಿಸುತ್ತದೆ. ಪಾಲಿಮರೀಕರಣ ಮುಗಿಸಿ, ರೋಡಿಯಮ್ ತೊಳೆದು, ಆಮೇಲೆ ಚಿನ್ನ ತರುವುದೇ ಕ್ಷೇಮ.

ಗ್ರಾಫೀನ್ ಆಕ್ಸೈಡ್ 230ರಲ್ಲಿ ಶಿಖರ, 300ರಲ್ಲಿ ಭುಜ ಇಟ್ಟುಕೊಂಡು, ಅದರಾಚೆಗೂ ಬಾಲ ಚಾಚುತ್ತದೆ. ಹಾಳೆಗಳು ಒಣಗಿದರೆ ಒಂದರ ಮೇಲೊಂದು ಬಿದ್ದು ಮತ್ತೆ ಬಿಡಿಯಾಗುವುದಿಲ್ಲ. ನಿಮಗೆ ವಿಶೇಷ ಕಾರಣವಿದ್ದರೆ ಮಾಡಿ.

ಅಳತೆಯ ಮಾತು

ಸಿಡಿ ಯಂತ್ರ ಕೊಡುವುದು ಮಿಲಿಡಿಗ್ರಿ. ಎಡ ಮತ್ತು ಬಲ ವೃತ್ತೀಯ ಧ್ರುವೀಕೃತ ಬೆಳಕಿನ ಹೀರುವಿಕೆಯ ವ್ಯತ್ಯಾಸ ಬೇಕೆಂದರೆ ಅದನ್ನು 32,980ರಿಂದ ಭಾಗಿಸಬೇಕು. ಆ ವ್ಯತ್ಯಾಸವನ್ನು ಒಟ್ಟು ಹೀರುವಿಕೆಯಿಂದ ಭಾಗಿಸಿದರೆ ಬರುವುದು ಜಿ ಮೌಲ್ಯ. ಸಾಂದ್ರತೆಯ ಹಂಗಿಲ್ಲದ ಹೋಲಿಕೆಗೆ ಅದೇ ಆಸರೆ. ಉದಾಹರಣೆಗೆ 40 ಮಿಲಿಡಿಗ್ರಿ, ಹೀರುವಿಕೆ 0.8 ಎಂದರೆ ಜಿ ಸುಮಾರು 0.0015. ಈಗ ಅದೇ ಕಣಗಳು ಬೆಳಕನ್ನು ಚದುರಿಸಿ ಯಂತ್ರದಲ್ಲಿ ಹೀರುವಿಕೆ 1.2 ಎಂದು ತೋರಿತೆನ್ನಿ, 0.4 ಬರೀ ಚದುರಿಕೆ. ಲೆಕ್ಕ ಹಾಕಿದರೆ ಜಿ 0.0010ಕ್ಕೆ ಇಳಿಯುತ್ತದೆ. ಸುರುಳಿಗೆ ಏನೂ ಆಗಿಲ್ಲ, ಮೂರನೇ ಒಂದು ಭಾಗ ಮಾಯ. ದೊಡ್ಡ ಕಣಕ್ಕೂ ಸಣ್ಣ ಕಣಕ್ಕೂ ಜಿ ಹೋಲಿಸಿ ತೀರ್ಮಾನ ಕೊಡುವ ಮುಂಚೆ, ಹೀರುವಿಕೆಯೇ ಇಲ್ಲದ 600 ನ್ಯಾನೋಮೀಟರಿನಲ್ಲಿ ಗೆರೆ ಸೊನ್ನೆಗೆ ಇಳಿದಿದೆಯೇ ನೋಡಿ. ಇಳಿಯದಿದ್ದರೆ ಚದುರಿಕೆ ಇದೆ.

ಇದನ್ನು ನಾನು ಕಲಿತದ್ದು ನಾಚಿಕೆಯಾಗುವ ರೀತಿಯಲ್ಲಿ. ಒಮ್ಮೆ ನನ್ನ ಒಂದು ಮಾದರಿ ದೊಡ್ಡ ಶಿಖರ ಕೊಟ್ಟಿತು. ದಪ್ಪ ಎಮಲ್ಷನ್, ಚೆನ್ನಾಗಿ ತೆಳು ಮಾಡಿರಲಿಲ್ಲ. ಎರಡು ವಾರ ಅದರ ಮೇಲೆ ಸಿದ್ಧಾಂತ ಕಟ್ಟಿದೆ. ಮೂರನೇ ವಾರ ಜೊತೆಗಿದ್ದವನೊಬ್ಬ ಬಂದು, ಕ್ಯುವೆಟ್ಟನ್ನು, ಅಂದರೆ ಮಾದರಿ ತುಂಬಿದ ಪುಟ್ಟ ಪಾತ್ರೆಯನ್ನು, ತೊಂಬತ್ತು ಡಿಗ್ರಿ ತಿರುಗಿಸಿ ಇಟ್ಟು ಮತ್ತೆ ಓಡಿಸಿದ. ಶಿಖರ ಅರ್ಧವಾಯಿತು. ಕ್ಯುವೆಟ್ ತಿರುಗಿಸಿದರೆ ಸುರುಳಿಯ ಕೈ ಬದಲಾಗಲು ಸಾಧ್ಯವೇ? ನಾನು ಕಂಡದ್ದರಲ್ಲಿ ಅರ್ಧ, ಕಣಗಳು ಕೆಳಗೆ ಕೂರುತ್ತ ಸಾಲುಗಟ್ಟಿದ್ದರಿಂದ ಬಂದ ಸುಳ್ಳು. ಅಂದಿನಿಂದ ಪ್ರತಿ ಕಣಕ್ಕೂ ಮೂರು ಮಾದರಿ ಮಾಡುತ್ತೇನೆ: ಒಂದು ಕೈಯದು, ಎದುರು ಕೈಯದು, ಎರಡೂ ಸಮ ಬೆರೆಸಿದ್ದು. ಮೊದಲೆರಡರ ಗೆರೆ ಕನ್ನಡಿ ಬಿಂಬವಾಗಿರಬೇಕು, ಮೂರನೆಯದು ಸಪಾಟಾಗಿರಬೇಕು. ಎದುರು ಕೈಯ ಮಾನೋಮರ್ ಸಿಗದ ಪಾಲಿಮರನ್ನು ನಾನು ಆರಿಸುವುದೇ ಇಲ್ಲ.

ಕೆಲಸಕ್ಕೆ ತಕ್ಕ ಜೋಡಿ

ಹರಳು ಬಿತ್ತಲು, ಅಂದರೆ ಎರಡೂ ಕೈ ಬೆರೆತ ದ್ರಾವಣದಿಂದ ಒಂದನ್ನೇ ಹರಳಾಗಿಸಲು ಕಣ ಬೇಕಿದ್ದರೆ: ಪ್ರೊಪಾರ್ಜಿಲ್ ಅಮೈಡ್, ಮಿನಿಎಮಲ್ಷನ್, ನೂರಿನ್ನೂರು ನ್ಯಾನೋಮೀಟರ್, ಬೆರಕೆ ಬೇಡ. ಪರೀಕ್ಷೆಗೆ ಥ್ರಿಯೊನೀನ್ ಅಥವಾ ಆಸ್ಪರಜೀನ್ ಆರಿಸಿಕೊಳ್ಳಿ. ಇವುಗಳ ಎರಡು ಕೈಗಳು ಬೇರೆಬೇರೆ ಹರಳಾಗಿ ಬೀಳುತ್ತವೆ. ಅಲನೀನ್‌ನ ಎರಡು ಕೈಗಳೋ ಒಂದೇ ಹರಳಿನಲ್ಲಿ ಜೊತೆಯಾಗಿ ಕೂರುತ್ತವೆ. ಅಲ್ಲಿ ಕಣ ಎಷ್ಟೇ ಒಳ್ಳೆಯದಾದರೂ ಕೆಲಸ ಕಷ್ಟ.

ಮತ್ತೆ ಮತ್ತೆ ಬಳಸುವ ವೇಗವರ್ಧಕಕ್ಕೆ ಅಥವಾ ಹೀರುಕಣಕ್ಕೆ ಮ್ಯಾಗ್ನಟೈಟ್ ಒಳಗಿಟ್ಟ ಮಿನಿಎಮಲ್ಷನ್ ಕಣ ಸರಿ. ಸಿಡಿ ಅಳತೆಯನ್ನು ಮ್ಯಾಗ್ನಟೈಟ್ ಇಲ್ಲದ ಅವಳಿ ಮಾದರಿಯ ಮೇಲೆ ಮಾಡಿ, ಹೈಬ್ರಿಡ್ ಮೇಲೆ ಕೆಲಸದ ಫಲವನ್ನೇ ಅಳೆಯಿರಿ. ಕಾಲಮ್ ತುಂಬುವವರಿಗೆ ಅಲ್ಕೈನ್ ಹಚ್ಚಿದ ಸಿಲಿಕಾ, ಮೇಲೆ ಸ್ಥಿರ ಸುರುಳಿ. ಔಷಧ ಬಿಡುಗಡೆಯಂಥ ಕೆಲಸಕ್ಕೆ ಇಳಿಯುವವರು ರೋಡಿಯಮ್ ಶೇಷವನ್ನು ಅಳೆದು ತೋರಿಸಲು ಸಿದ್ಧರಿರಬೇಕು, ಇಲ್ಲವಾದರೆ ಮೊದಲೇ ಶುದ್ಧಮಾಡಿದ ಪಾಲಿಮರಿನಿಂದ ನ್ಯಾನೋಪ್ರೆಸಿಪಿಟೇಷನ್ ಮಾಡಬೇಕು. ಸುರುಳಿ ಹೇಗೆ ಮಗುಚುತ್ತದೆ ಎಂದು ತಿಳಿಯುವುದೇ ಗುರಿಯಾಗಿದ್ದರೆ ಲೋಹದ ಅಯಾನಿನ ಗೋಳಗಳಷ್ಟು ಒಳ್ಳೆಯ ಆಟಿಕೆ ಬೇರೆ ಇಲ್ಲ.

ಮಾಡಿದ ಕಣವನ್ನು ಇಡುವುದು ಹೇಗೆ ಎಂದು ಕೊನೆಗೆ ಕೇಳುತ್ತಾರೆ. ಪಾಲಿಅಸಿಟಿಲೀನ್ ಆದರೆ ಬಾಟಲಿಗೆ ಅಲ್ಯುಮಿನಿಯಮ್ ಹಾಳೆ ಸುತ್ತಿ, ನೈಟ್ರೋಜನ್ ತುಂಬಿ, ನಾಲ್ಕು ಡಿಗ್ರಿಯಲ್ಲಿ, ನೀರಿನಲ್ಲೇ ಇಡಿ. ಒಣಗಿಸಿದರೆ ಕಣಗಳು ಅಂಟಿಕೊಂಡು ಮತ್ತೆ ಬಿಡುವುದಿಲ್ಲ; ಒಣಗಿಸಲೇಬೇಕಿದ್ದರೆ ಸಕ್ಕರೆಯಂಥ ರಕ್ಷಕ ಹಾಕಿ ಫ್ರೀಜ್ ಡ್ರೈ ಮಾಡಿ. ಆ ಸಕ್ಕರೆಯೂ ಬೆಳಕನ್ನು ತಿರುಗಿಸುತ್ತದೆ ಎಂಬುದನ್ನು ಮಾತ್ರ ಪೋಲಾರಿಮೀಟರ್ ಮುಂದೆ ಕೂತಾಗ ಮರೆಯಬೇಡಿ.